ಬಲಗಡೆಯ ಹೂ

ನಮ್ಮ ಪಟ್ಟಣ ಪಂಚಾಯಿತಿ ಇನ್ನು ಮೇಲೆ ನಗರಸಭೆ ಅನ್ನುವ ಸುದ್ದಿ ಬಂದ ದಿನ ಪಟಾಕಿ ಹೊಡೆದವರಲ್ಲಿ ನಾನೂ ಒಬ್ಬ. ಇಪ್ಪತ್ತಾರು ವರ್ಷ ಬಿಲ್ ಕಲೆಕ್ಟರಾಗಿ ಊರಿನ ಬಾಗಿಲುಗಳನ್ನೆಲ್ಲ ತಟ್ಟಿ, ಮನೆಯವರ ಹತ್ತಿರವೂ ಅವರ ನಾಯಿಗಳ ಹತ್ತಿರವೂ ಬೈಸಿಕೊಂಡವನು ನಾನು. ಆಫೀಸು ದೊಡ್ಡದಾದರೆ ನಾನೂ ಸ್ವಲ್ಪ ದೊಡ್ಡವನಾಗುತ್ತೇನೆ ಅನ್ನುವ ಆಸೆ ಇರುವುದಿಲ್ಲವೇ? ಪಟಾಕಿಯ ವಾಸನೆ ಹೋಗುವ ಮೊದಲೇ ಮೇಲಿನಿಂದ ಆದೇಶ ಬಂತು. ಮನೆ ತೆರಿಗೆ, ನೀರು, ಲೆಕ್ಕಪತ್ರ ಎಂದು ಮೂರು ಕೋಣೆಗಳಲ್ಲಿ ಮೂರು ಕಡೆ ಮುಖ ಮಾಡಿ ಕೂತಿದ್ದವರನ್ನು ಸೇರಿಸಿ ಒಂದೇ ಹಣಕಾಸು ಇಲಾಖೆ ಮಾಡಬೇಕು. ಅದಕ್ಕೂ ಮೊದಲು ಮೂವರು ಸದಸ್ಯರ ಒಂದು ಸಮಿತಿ ಹಳೆಯ ಪುಸ್ತಕಗಳನ್ನೆಲ್ಲ ನೋಡಿ, ಎಲ್ಲ ಸರಿಯಾಗಿದೆ ಎಂದು ಸಹಿ ಹಾಕಬೇಕು. ಸಮಿತಿಗೊಬ್ಬ ಅಧ್ಯಕ್ಷ ಬೇಕು.

ಸಮಿತಿ ಅಂದರೆ ನಮ್ಮ ಸದಸ್ಯರು ಕಿತ್ತಾಡುವುದು ವಾಡಿಕೆ. ಬೀದಿದೀಪದ ಸಮಿತಿಗೆ ಸೇರಲು ಇಬ್ಬರು ಒಬ್ಬರ ಅಂಗಿ ಒಬ್ಬರು ಹರಿದಿದ್ದನ್ನು ನಾನೇ ಬಿಡಿಸಿದ್ದೇನೆ. ಅವತ್ತು ಮಾತ್ರ ಹದಿನೈದು ಜನರಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಒಬ್ಬರು ಫ್ಯಾನು ನೋಡಿದರು, ಒಬ್ಬರು ಫೋನು ತಿಕ್ಕಿದರು, ಇನ್ನೊಬ್ಬರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ನಾನು ಹಾಜರಿ ಪುಸ್ತಕ ಹಿಡಿದು ಬಾಗಿಲ ಬಳಿ ನಿಂತಿದ್ದೆ. ಚೇರ್ಮನ್ ತಿಮ್ಮರಾಜು ಎರಡು ಸಲ ಕೇಳಿದರು. ಮೂರನೇ ಸಲ ಕೇಳದೆ ನಕ್ಕುಬಿಟ್ಟರು.

"ಜಗಳ ಯಾಕ್ರಪ್ಪಾ? ಕೋಡಿಯಮ್ಮನ್ನೇ ಕೇಳಾಣ. ಅಮ್ಮ ಯಾರ್ಗೆ ಹೂ ಕೊಡ್ತಾಳೋ ಅವ್ರೇ ಅಧ್ಯಕ್ಷ."

ಅಲ್ಲಿ ಯಾರೂ ಜಗಳವಾಡುತ್ತಿರಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ನಮ್ಮ ಕಡೆ ಹೂ ಕೇಳುವುದು ಹೊಸದೇನಲ್ಲ. ಹೆಣ್ಣು ಕೊಡಬೇಕಾದರೆ, ಬೋರ್ ಕೊರೆಸಬೇಕಾದರೆ, ಅಣ್ಣತಮ್ಮಂದಿರು ಪಾಲಾಗಬೇಕಾದರೆ, ಕೆರೆ ಕೋಡಿಯ ಪಕ್ಕದ ಗುಡಿಗೆ ಬರುತ್ತಾರೆ. ಪೂಜಾರಿ ಅಮ್ಮನ ಕಲ್ಲಿಗೆ ಅರಿಶಿನ ಬಳಿದು, ಎರಡೂ ಭುಜಕ್ಕೆ ಒಂದೊಂದು ಕಣಗಿಲೆ ಹೂ ಅಂಟಿಸುತ್ತಾನೆ. ಕೇಳುವವರು ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳಿ ಕೈಮುಗಿದು ಕೂರುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಅಂತ. ಎಡಗಡೆಯದು ಬಿದ್ದರೆ ಬೇಡ ಅಂತ. ಅಮ್ಮ ಕೊಟ್ಟ ಹೂವನ್ನು ತಿರಸ್ಕರಿಸಿದವರ ಮನೆಯಲ್ಲಿ ಏನೇನಾಯಿತು ಅನ್ನುವ ಕಥೆಗಳು ಪ್ರತಿ ಬೀದಿಯಲ್ಲೂ ಇವೆ. ಆ ಗುಡಿಯ ಪೂಜೆ ನಮ್ಮ ನಾಲ್ಕು ದಾಯಾದಿ ಮನೆಗಳದ್ದು, ವರ್ಷಕ್ಕೊಂದು ಮನೆಯ ಸರದಿ. ಈ ವರ್ಷ ನನ್ನದು. ಬೆಳಿಗ್ಗೆ ಪೂಜೆ, ಹತ್ತು ಗಂಟೆಗೆ ಅಂಗಿ ತೊಟ್ಟು ಆಫೀಸು.

ಮರುದಿನ ತಿಮ್ಮರಾಜು ತಮ್ಮ ಕೋಣೆಗೆ ಕರೆಸಿದರು. "ಏನ್ ಪೂಜಾರಪ್ಪಾ, ಕೂತ್ಕೊ" ಅಂದರು. ಇಪ್ಪತ್ತಾರು ವರ್ಷದಲ್ಲಿ ಆ ಕೋಣೆಯ ಕುರ್ಚಿ ನನಗೆ ಸಿಕ್ಕಿದ್ದು ಅದೇ ಮೊದಲು.

"ನಿಮ್ ಷಡ್ಡಕ ರಾಮಕೃಷ್ಣಪ್ಪ ಒಳ್ಳೆ ಮನ್ಸ. ಅವ್ರೇ ಅಧ್ಯಕ್ಷ ಆಗ್ಬೇಕು ಅಂತ ನನ್ ಮನ್ಸಲ್ಲೈತೆ. ನಾನ್ ಹೆಸ್ರು ಹೇಳಿದ್ರೆ ಮಿಕ್ಕೋರು ಹೊಟ್ಟೆ ಉರ್ಕೋತಾರೆ. ಅಮ್ಮ ಹೇಳಿದ್ರೆ ಯಾರೂ ಬಾಯಿ ಬಿಡಾಕಿಲ್ಲ."

"ಅಮ್ಮ ಯಾರ್ಗೆ ಕೊಡ್ತಾಳೋ ನಂಗೇನ್ ಗೊತ್ತು ಸಾರ್?"

"ಅರಿಶಿನ ಕಲ್ಸೋ ಕೈ ನಿಂದೇ ಅಲ್ವಾ?" ಅಂದು ಟೀ ಲೋಟ ನನ್ನ ಕಡೆ ಸರಿಸಿದರು. "ಹೊಸ ಇಲಾಖೇಲಿ ಒಬ್ಬ ರೆವಿನ್ಯೂ ಇನ್ಸ್‌ಪೆಕ್ಟರ್ ಬೇಕಂತೆ. ಪಟ್ಟಿ ಕಳ್ಸೋದು ನಾನೇ."

ರಾಮಕೃಷ್ಣಪ್ಪ ನನ್ನ ಹೆಂಡತಿ ರಾಧಾಮಣಿಯ ಅಕ್ಕ ನಾರಾಯಣಮ್ಮನ ಗಂಡ. ಉದ್ದನಪಲ್ಲಿ ರಸ್ತೆಯಲ್ಲಿ ಎರಡೆಕರೆ ಸೇವಂತಿಗೆ ತೋಟ. ಯಾವ ಪಕ್ಷವೂ ಇಲ್ಲದೆ ನಿಂತು ಹನ್ನೊಂದು ಓಟಿನಲ್ಲಿ ಗೆದ್ದವನು. ಗುಮ್ಮಳಾಪುರದ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸು ಓದಿದ್ದಾನೆ, ತಮಿಳು ನಮ್ಮೆಲ್ಲರಂತೆ ಚೆನ್ನಾಗಿ ಮಾತಾಡುತ್ತಾನೆ, ಓದಲು ಬರುವುದಿಲ್ಲ. ನಮ್ಮೂರು ತಮಿಳು ಸೀಮೆಗೆ ಸೇರಿದ್ದರಿಂದ ಆಫೀಸಿನ ಕಾಗದವೆಲ್ಲ ತಮಿಳಿನಲ್ಲೇ. ಕಾಗದ ಬಂದರೆ ಜೇಬಲ್ಲಿಟ್ಟುಕೊಂಡು ನನ್ನ ಹತ್ತಿರ ತರುತ್ತಾನೆ. ನಾನು ಓದಿ ಹೇಳಿದ್ದೇ ಅವನಿಗೆ ಸರ್ಕಾರ. ಅವನಿಗೊಂದು ಮರ್ಯಾದೆ ಸಿಗಲಿ ಅನ್ನುವ ಆಸೆ ನನಗಿತ್ತು, ಸುಳ್ಳಲ್ಲ. ಇನ್ಸ್‌ಪೆಕ್ಟರ್ ಆಗುವ ಆಸೆ ಅದಕ್ಕಿಂತ ಜಾಸ್ತಿ ಇತ್ತು, ಅದೂ ಸುಳ್ಳಲ್ಲ.

ಮಂಗಳವಾರ ಬೆಳಿಗ್ಗೆ ಎಡ ಭುಜಕ್ಕೆ ಗಟ್ಟಿ ಅರಿಶಿನ ಮೆತ್ತಿದೆ. ಬಲ ಭುಜಕ್ಕೆ ಅರಿಶಿನ ಬಳಿದಂತೆ ಮಾಡಿ ಬರೀ ನೀರು ಸವರಿದೆ. ಹದಿನೈದು ಜನ ಸದಸ್ಯರು ಕೈಮುಗಿದು ಕೂತಿದ್ದರು. ತಿಮ್ಮರಾಜು ಮೊದಲು ಕೇಳಿದ ಹೆಸರೇ ರಾಮಕೃಷ್ಣಪ್ಪನದು. ನಾನು ಮಂಗಳಾರತಿ ಎತ್ತುವಷ್ಟರಲ್ಲಿ ಬಲಗಡೆಯ ಹೂ ಜಾರಿ ಅವನ ಮುಂದೆ ಬಿತ್ತು. ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ಅದು ಭಕ್ತಿಯ ಉಸಿರು ಅಂತ ನಾನು ತಿಳಿದೆ. ತಪ್ಪಿಸಿಕೊಂಡವರ ಉಸಿರೂ ಹಾಗೇ ಇರುತ್ತದೆ ಅಂತ ಆಗ ಹೊಳೆಯಲಿಲ್ಲ.

ರಾಮಕೃಷ್ಣಪ್ಪ ಆ ಹೂವನ್ನು ಕಣ್ಣಿಗೊತ್ತಿಕೊಂಡು ಅತ್ತುಬಿಟ್ಟ. ಗಡ್ಡದ ಮೇಲೆ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ನನಗೆ ಮುಖ ತಿರುಗಿಸಬೇಕಾಯಿತು.

ಆಮೇಲಿನ ಹತ್ತು ದಿನ ಅವನಿಗೆ ಆಫೀಸಿನಲ್ಲಿ ಸಿಕ್ಕ ಉಪಚಾರ ನೋಡಿದರೆ ಯಾರಿಗಾದರೂ ಹೊಟ್ಟೆಕಿಚ್ಚಾಗಬೇಕು. ಕೂರಲು ತಿರುಗುವ ಕುರ್ಚಿ, ಬಾಗಿಲಿಗೆ ಅವನ ಹೆಸರಿನ ಹಲಗೆ, ಓಡಾಡಲು ಪಂಚಾಯಿತಿ ಜೀಪು. ಯಾರಿಗೂ ಪೇಪರ್ ಕಪ್ಪು ಬಿಟ್ಟು ಕೊಡದ ಟೀ ಅಂಗಡಿಯವನು ಅವನಿಗೆ ಪಿಂಗಾಣಿ ಕಪ್ಪಲ್ಲಿ ಕಾಫಿ ತಂದ. ಈ ಆಫೀಸಿನಲ್ಲಿ ಯಾರಿಗೂ ಬಿಟ್ಟಿ ಮರ್ಯಾದೆ ಸಿಕ್ಕಿದ್ದನ್ನು ನಾನು ಕಂಡಿಲ್ಲ. ನಾಲ್ಕನೇ ದಿನ ಲೆಕ್ಕಪತ್ರದ ಚಲಪತಿ ಬೆನ್ನುನೋವು ಅಂತ ಮೂರು ತಿಂಗಳ ರಜೆ ಹಾಕಿ ಹೋದ. ಐದನೇ ದಿನ ದಾಖಲೆ ಕೋಣೆಗೆ ಹೊಸ ಬೀಗ ಬಿತ್ತು. ಸಮಿತಿಯ ಮಿಕ್ಕ ಇಬ್ಬರಲ್ಲಿ ಒಬ್ಬರು ಮಗಳ ಮನೆಗೆ, ಇನ್ನೊಬ್ಬರು ಕಾಶಿಗೆ ಹೊರಟರು. ಪುಸ್ತಕ ನೋಡಬೇಕಲ್ಲ ಅಂತ ರಾಮಕೃಷ್ಣಪ್ಪ ಕೇಳಿದಾಗಲೆಲ್ಲ ತಿಮ್ಮರಾಜು ಅವನ ಹೆಗಲ ಮೇಲೆ ಕೈಯಿಟ್ಟು, "ಅದೆಲ್ಲ ನಮ್ಮವ್ರು ನೋಡವ್ರೆ ಅಣ್ಣಾ. ಶುಕ್ರವಾರ ನೀವೊಂದು ಕೈಯೆಳುತ್ತು ಹಾಕಿದ್ರೆ ಆಯ್ತು, ಒಂದೇ ಒಂದು ಸಹಿ" ಅನ್ನುತ್ತಿದ್ದರು. ಆ ಕೈ ಅವನ ಹೆಗಲ ಮೇಲೆ ಸ್ವಲ್ಪ ಹೆಚ್ಚೇ ಹೊತ್ತು ಇರುತ್ತಿತ್ತು.

ಬುಧವಾರ ಬೆಳಿಗ್ಗೆ ಚಂದ್ರಲೇಖಾ ಗುಡಿಗೆ ಬಂದಳು. ಲೆಕ್ಕಪತ್ರದ ಕೋಣೆಯಲ್ಲಿ ಟೈಪ್ ಮಾಡುವ ಹುಡುಗಿ, ಸೇರಿ ಮೂರು ವರ್ಷ. ತೆಂಗಿನಕಾಯಿ ಕೊಟ್ಟಳು, ಹೆಸರು ನಕ್ಷತ್ರ ಹೇಳಲಿಲ್ಲ.

"ಅಣ್ಣಾ, ಆಫೀಸಲ್ಲಿ ಮಾತಾಡಾಕಾಗಲ್ಲ, ಅದ್ಕೇ ಇಲ್ಲಿಗ್ ಬಂದೆ. ಶುಕ್ರವಾರದ ಕಾಗದ ನಾನೇ ಟೈಪ್ ಮಾಡಿದ್ದು. ಆರು ವರ್ಷದ್ದು ನೀರಿನ ಡೆಪಾಸಿಟ್ ರಸೀದಿ ಪುಸ್ತಕ ಎಲ್ಲಾ ಸಮಿತಿ ಅಧ್ಯಕ್ಷರ ವಶಕ್ಕೆ ಕೊಟ್ಟೀವಿ, ಅವ್ರು ಎಣಿಸಿ ತಗೊಂಡವ್ರೆ ಅಂತ ಬರ್ಸಿದಾರೆ."

"ಕೊಟ್ಟವ್ರಾ?"

"ಕೊಡಾಕೆ ಪುಸ್ತಕ ಎಲ್ಲಣ್ಣಾ ಐತೆ? ಇಲ್ವೇ ಇಲ್ಲ. ದುಡ್ಡು ನುಂಗಿ ಪುಸ್ತಕ ಯಾವತ್ತೋ ಸುಟ್ಟಾಕವ್ರೆ. ಸೋಮವಾರ ಕೃಷ್ಣಗಿರಿಯಿಂದ ಆಡಿಟ್‌ನೋರು ಬತ್ತಾರೆ. ಪುಸ್ತಕ ಎಲ್ಲಿ ಅಂತ ಕೇಳ್ತಾರೆ. ಕಾಗದದಲ್ಲಿ ಯಾರ್ ಹೆಸ್ರಿರ್ತೈತೋ ಅವ್ರನ್ನ ಪೊಲೀಸ್ನೋರು ಕರ್ಕೊಂಡೋಗ್ತಾರೆ."

ಅವಳು ಕುಂಕುಮ ಇಟ್ಟುಕೊಂಡು, ಹಿಂದೆ ಮುಂದೆ ನೋಡಿ, ತೆಂಗಿನಕಾಯಿ ಹೋಳು ಮರೆತೇ ಹೋದಳು. ನಾನು ಅಮ್ಮನ ಕಲ್ಲಿನ ಕಡೆ ನೋಡಲಿಲ್ಲ. ನೋಡುವ ಧೈರ್ಯ ಬರಲಿಲ್ಲ.

ಒಂದು ದಿನ ಪೂರ್ತಿ ಏನೂ ಮಾಡದೆ ಕಳೆದೆ. ಅದನ್ನು ಬಚ್ಚಿಡುವುದಿಲ್ಲ. ಗುರುವಾರ ಬೆಳಿಗ್ಗೆ ಪೂಜೆ ಮುಗಿಸಿ ಆಫೀಸಿಗೆ ಹೋಗುವ ಬದಲು ಬೈಕನ್ನು ಅವನ ತೋಟಕ್ಕೆ ತಿರುಗಿಸಿದೆ. ರಾಮಕೃಷ್ಣಪ್ಪ, ನಾರಾಯಣಮ್ಮ ಇಬ್ಬರೂ ಹೂ ಬಿಡಿಸುತ್ತಿದ್ದರು.

"ಅಣ್ಣಾ, ನಾಳೆ ಸಹಿ ಹಾಕ್ಬೇಡ" ಅಂದೆ.

"ಯಾಕ್ಲಾ?"

ಚಂದ್ರಲೇಖಾ ಹೇಳಿದ್ದನ್ನೆಲ್ಲ ಹೇಳಿದೆ. ಅವನು ಕೈ ನಿಲ್ಲಿಸದೆ ಕೇಳಿದ. ಕೇಳಿ ಮುಗಿದ ಮೇಲೂ ಒಂದು ಗಿಡದ ಹೂ ಪೂರ್ತಿ ಬಿಡಿಸಿ ಆಮೇಲೆ ನೆಟ್ಟಗೆ ನಿಂತ.

"ನೀನ್ ಹೇಳೋದು ನಿಜಾನೇ ಇರ್ಬೋದು. ಆದ್ರೆ ಅಮ್ಮ ಹೂ ಕೊಟ್ಟವ್ಳೆ ಕಣ್ಲಾ. ಕೆಟ್ಟದಾಗಂಗಿದ್ರೆ ಕೊಡ್ತಿದ್ಲಾ? ಈಗ ಬ್ಯಾಡ ಅಂದ್ರೆ ಅಮ್ಮನ್ ಮಾತು ಕಾಲಲ್ಲಿ ಒದ್ದಂಗೆ."

"ಜೈಲಿಗೋಗ್ತೀಯ ಅಣ್ಣಾ."

"ಸುಷ್ಮಾಗೆ ಒಂಬತ್ತು ತಿಂಗ್ಳು" ಅಂದ. ಸುಷ್ಮಾ ಅವನ ಒಬ್ಬಳೇ ಮಗಳು. ಎರಡು ಸಲ ಬಸುರಾಗಿ ಎರಡೂ ನಿಂತಿರಲಿಲ್ಲ. "ಈಗ ಅಮ್ಮನ ಎದ್ರಾಕ್ಕೊಳಾಕೆ ನಂಗೆ ಧೈರ್ಯ ಇಲ್ಲ. ಜೈಲಿಗೆ ಬೇಕಾದ್ರೆ ಹೋಗ್ತೀನಿ."

ನಾರಾಯಣಮ್ಮ ಬುಟ್ಟಿ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಳು. ಇನ್ನು ಬೇರೆ ದಾರಿ ಇರಲಿಲ್ಲ.

"ಅಮ್ಮ ಕೊಡ್ಲಿಲ್ಲ ಅಣ್ಣಾ. ನಾನ್ ಕೊಟ್ಟೆ. ಎಡಕ್ಕೆ ಅರಿಶಿನ ಮೆತ್ತಿ ಬಲಕ್ಕೆ ಬರೀ ನೀರು ಸವರ್ದೆ. ಚೇರ್ಮನ್ ಹೇಳುದ್ರು, ಮಾಡ್ಬುಟ್ಟೆ."

ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಗೊಂದಲಕ್ಕೆ ಬಿದ್ದವನಂತೆ ಹೆಂಡತಿಯ ಮುಖ ನೋಡಿದ. ಮಾತಾಡಿದ್ದು ನಾರಾಯಣಮ್ಮನೇ.

"ಹಂಗಾದ್ರೆ ಇನ್ನೊಂದ್ ಸಲ ಕೇಳು. ಈಗ್ಲೇ. ನಮ್ಮುಂದೆ."

ಮೂವರೂ ಗುಡಿಗೆ ಬಂದಾಗ ಮಧ್ಯಾಹ್ನ ಹನ್ನೆರಡಾಗಿತ್ತು. ಆ ಹೊತ್ತಿನಲ್ಲಿ ಬಾಗಿಲು ತೆಗೆಯುವ ಪದ್ಧತಿಯಿಲ್ಲ, ತೆಗೆದೆ. ಅರಿಶಿನವನ್ನು ಅವರ ಕಣ್ಣೆದುರೇ ಕಲೆಸಿದೆ. ಎರಡೂ ಭುಜಕ್ಕೆ ಒಂದೇ ಬೆರಳಿನಿಂದ, ಒಂದೇ ಸಮನಾಗಿ ಬಳಿದೆ. ಹೂ ಅಂಟಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿಕೊಂಡೆ. ರಾಮಕೃಷ್ಣಪ್ಪ ಗಟ್ಟಿಯಾಗಿ ಕೇಳಿದ: "ತಾಯೀ, ನಾನು ಸಹಿ ಹಾಕ್ಬೇಕಾ?"

ಬಹಳ ಹೊತ್ತು ಎರಡೂ ಬೀಳಲಿಲ್ಲ. ಹೊರಗೆ ಹೊಸೂರಿನ ಫ್ಯಾಕ್ಟರಿ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ನಾನು ನನ್ನ ಜೀವನದಲ್ಲಿ ಅಷ್ಟು ನಿಜವಾಗಿ ಯಾವತ್ತೂ ಬೇಡಿಕೊಂಡಿರಲಿಲ್ಲ. ಆಮೇಲೆ ಎಡಗಡೆಯ ಹೂ ಅಲ್ಲಾಡಿ, ಒಂದು ಕ್ಷಣ ನಿಂತು, ಬಿತ್ತು.

"ನೋಡ್ದಾ ಅಣ್ಣಾ! ಬ್ಯಾಡ ಅಂದ್ಲು!" ಅಂದೆ. ನನ್ನ ಕಣ್ಣು ತುಂಬಿತ್ತು.

ಅವನು ಹೂ ನೋಡಲಿಲ್ಲ. ನನ್ನ ಬೆರಳು ನೋಡುತ್ತಿದ್ದ.

"ಇವತ್ತು ಯಾವ್ ಕಡೆ ನೀರ್ ಸವರ್ದೆ?"

"ಅಣ್ಣಾ! ಎರಡೂ ಕಡೆ ಒಂದೇ ತರ. ನೀನೇ ಕಣ್ಣಾರೆ ನೋಡ್ದಲ್ಲ!"

"ಆವತ್ತೂ ಕಣ್ಣಾರೆ ನೋಡಿದ್ದೆ."

ನಾರಾಯಣಮ್ಮ ಬಿದ್ದ ಹೂವನ್ನು ಎತ್ತಿಕೊಳ್ಳಲೂ ಇಲ್ಲ, ಬಿಡಲೂ ಇಲ್ಲ, ಬಗ್ಗಿ ಹಾಗೇ ನಿಂತಿದ್ದಳು. ಅಮ್ಮ ನಿಜವಾಗಿ ಮಾತಾಡಿದ್ದಳು, ಕೇಳಿಸಿಕೊಳ್ಳುವ ಕಿವಿಯನ್ನು ನಾನು ಒಂಬತ್ತು ದಿನದ ಹಿಂದೆಯೇ ಕೆಡಿಸಿಟ್ಟಿದ್ದೆ.

"ಅಷ್ಟ್ ಜನದ ಮುಂದೆ ಹೂ ಬೀಳ್ಸಿದ್ದೀಯ" ಅಂದ ರಾಮಕೃಷ್ಣಪ್ಪ. "ನಿಜ ಇದ್ರೆ ಅಷ್ಟ್ ಜನದ ಮುಂದೆ ಹೇಳು. ನಾಳೆ ಸಹಿಗೆ ಮುಂಚೆ ಕೇಳ್ತೀನಿ. ನಾನೇ ಬೀಳ್ಸಿದ್ದು ಅಂತ ಎಲ್ರ ಮುಂದೆ ಹೇಳ್ದೆ ಅಂದ್ರೆ ನಂಬ್ತೀನಿ. ಸಹಿ ಹಾಕಾಕಿಲ್ಲ."

"ಹೇಳ್ತೀನಿ ಅಣ್ಣಾ. ನನ್ ಮಕ್ಕಳಾಣೆ ಹೇಳ್ತೀನಿ."

ಹೇಳುವವನೇ ಇದ್ದೆ. ಮನೆಗೆ ಹೋಗಿ ರಾಧಾಮಣಿಗೂ ಹೇಳಿದೆ. ಅವಳು ಬೈದು, ಅತ್ತು, ಕಡೆಗೆ "ಅಕ್ಕನ ಮನೆ ಉಳೀಲಿ, ಹೇಳ್ಬುಡಿ" ಅಂದಳು.

ಶುಕ್ರವಾರ ಹತ್ತು ಗಂಟೆಗೆ ಆಫೀಸಿಗೆ ಹೋದರೆ ಚಂದ್ರಲೇಖಾಳ ಕುರ್ಚಿ ಖಾಲಿಯಾಗಿತ್ತು. ಬೆಳಿಗ್ಗೆಯೇ ಅಂಚೆಟ್ಟಿ ಕಡೆಗೆ ವರ್ಗ ಮಾಡಿದ್ದಾರೆ ಅಂದರು. ದಿನಕ್ಕೆ ನಾಲ್ಕು ಬಸ್ಸು ಬಂದರೆ ಹೆಚ್ಚು ಅನ್ನುವ ಕಾಡಿನ ಊರು, ಅವಳಿಗೆ ಎರಡು ವರ್ಷದ ಮಗು. ಅವಳ ಮೇಜಿನ ಮೇಲೆ ಆಗಲೇ ಬೇರೆ ಯಾರದ್ದೋ ಊಟದ ಡಬ್ಬಿ ಇತ್ತು.

ಸಭೆಯ ಕೋಣೆಯಲ್ಲಿ ಊರಿಗೆ ಊರೇ ಸೇರಿತ್ತು. ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಿದ್ದವರನ್ನು ನೋಡಿ ಬಾಗಿಲಲ್ಲೇ ನಿಂತೆ. ನಮ್ಮ ಮಿಕ್ಕ ಮೂರೂ ದಾಯಾದಿ ಮನೆಗಳ ಹಿರಿಯರು. ಎಲ್ಲರಿಗಿಂತ ಮುಂದೆ ನನ್ನ ದೊಡ್ಡಪ್ಪ ಮುತ್ತರಾಯಪ್ಪ, ಎಂಬತ್ತಾರು ವರ್ಷ, ಕೋಡಿಯಮ್ಮನಿಗೆ ಐವತ್ತು ವರ್ಷ ತನ್ನ ಸರದಿ ತಪ್ಪದೆ ಪೂಜೆ ಮಾಡಿದ ಕೈ. ಮಡಿಪಂಚೆ ಉಟ್ಟು ಬಂದಿದ್ದ.

"ಅಮ್ಮ ಆರ್ಸಿದ ಸಮಿತಿ ಅಲ್ವಾ, ಪೂಜಾರಿ ಮನೆಯೋರು ಇದ್ರೆ ಒಳ್ಳೇದು ಅಂತ ನಾನೇ ಕರ್ಸಿದೆ" ಅಂದರು ತಿಮ್ಮರಾಜು. ಹತ್ತಿರ ಬಂದು ದನಿ ತಗ್ಗಿಸಿದರು. "ನಿನ್ನೆ ಮಧ್ಯಾಹ್ನ ಗುಡಿ ಬಾಗ್ಲು ತೆಗ್ದಿದ್ದೆಯಂತೆ?" ನನ್ನ ಕೈಗೊಂದು ಕಾಗದ ಕೊಟ್ಟರು. ರೆವಿನ್ಯೂ ಇನ್ಸ್‌ಪೆಕ್ಟರ್ ಹುದ್ದೆಯ ಆದೇಶ. ನನ್ನ ಹೆಸರು, ನನ್ನ ತಂದೆಯ ಹೆಸರು, ಕೆಳಗೆ ಸಹಿಯ ಜಾಗ ಖಾಲಿ. ನಾನು ಓದಿದ ಮೇಲೆ ಮೆಲ್ಲಗೆ ಅದನ್ನು ವಾಪಸ್ಸು ತೆಗೆದುಕೊಂಡರು.

ಕಾಗದವನ್ನು ರಾಮಕೃಷ್ಣಪ್ಪನ ಮುಂದೆ ಇಟ್ಟರು. ಎರಡು ಪುಟ, ಪೂರ್ತಿ ತಮಿಳು. ಅವನು ಪೆನ್ನು ಹಿಡಿದುಕೊಂಡ, ಮುಚ್ಚಳ ತೆಗೆಯಲಿಲ್ಲ. ತಲೆಯೆತ್ತಿ ಅಷ್ಟು ಜನರ ನಡುವೆ ನನ್ನನ್ನು ಹುಡುಕಿದ.

"ಒಂದ್ ಮಾತು ಕೇಳ್ಬೇಕು. ಮುನಿರತ್ನಾ, ಎಲ್ರ ಮುಂದೆ ಹೇಳು. ಆವತ್ತು ಬಲಗಡೆ ಹೂ ಅಮ್ಮ ಕೊಟ್ಟಿದ್ದಾ, ನೀನ್ ಬೀಳ್ಸಿದ್ದಾ?"

ಯಾರೂ ಆಶ್ಚರ್ಯಪಡಲಿಲ್ಲ. ಮುತ್ತರಾಯಪ್ಪ ಮಾತ್ರ ಪ್ರಶ್ನೆ ಸರಿಯಾಗಿ ಕೇಳಿಸದೆ, ಕಿವಿಗೆ ಕೈ ಇಟ್ಟುಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದ. ನಾನು ನಿಜ ಹೇಳಿದರೆ ಆ ಮುದುಕ ಅದೇ ಬೆಂಚಿನ ಮೇಲೆ ಒರಗಿಬಿಡುತ್ತಿದ್ದ. ನಾಲ್ಕು ಮನೆಯ ಪೂಜೆ ಅವತ್ತೇ ಮುಗಿಯುತ್ತಿತ್ತು. ನಾನೂ ಇಪ್ಪತ್ತಾರು ವರ್ಷದ ಮೇಲೆ ಅಂಚೆಟ್ಟಿಯ ಬಸ್ಸು ಕಾಯುತ್ತಿದ್ದೆ. ಇದೆಲ್ಲ ನೆಪ ಅಂತ ನನಗೆ ಗೊತ್ತು. ಹೆದರಿದೆ, ಅಷ್ಟೇ. ಹೆದರಿಕೆಗೆ ಇಷ್ಟೊಂದು ಒಳ್ಳೆಯ ಕಾರಣಗಳು ಒಟ್ಟಿಗೆ ಸಿಗುತ್ತವೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

"ಅಮ್ಮ ಕೊಟ್ಟಿದ್ದು ಅಣ್ಣಾ" ಅಂದೆ.

ರಾಮಕೃಷ್ಣಪ್ಪನ ಮುಖ ಬೆಳಗಿತು. ಅದನ್ನು ನಾನು ಸಾಯುವವರೆಗೂ ಮರೆಯಲಾರೆ. ಕೋಪವಿಲ್ಲ, ತಿರಸ್ಕಾರವಿಲ್ಲ, ಮಗಳಿಗೆ ಏನೂ ಆಗುವುದಿಲ್ಲ ಅನ್ನುವ ಸಮಾಧಾನ ಮಾತ್ರ. ಅವನು ಹಿಂದಿನ ದಿನದಿಂದ ನನ್ನ ಬಾಯಿಂದ ಕೇಳಬೇಕೆಂದಿದ್ದುದು ಇದನ್ನೇ. ಕೂತಲ್ಲಿಂದಲೇ ನನಗೆ ಕೈಮುಗಿದು, ಪೆನ್ನಿನ ಮುಚ್ಚಳ ತೆಗೆದ.

"ಹಂಗಾದ್ರೆ ಬಾರ್ಲಾ ಇಲ್ಲಿ. ಎಲ್ಲಿ ಹಾಕ್ಬೇಕೋ ತೋರ್ಸು. ನಂಗ್ ಓದಾಕ್ ಬರಾಕಿಲ್ವಲ್ಲ."

ನಾನು ಮೇಜಿನ ಹತ್ತಿರ ಹೋದೆ. ಬಗ್ಗಿ, ಎರಡನೇ ಪುಟದ ಕೆಳಗೆ ಬೆರಳಿಟ್ಟು ತೋರಿಸಿದೆ.